ನಾಯಕರೇ, ಆದೇಶ?

ಜೂನ್ 1, ಭಾನುವಾರ

ಸ್ಟುಡಿಯೋದವರು ಕೊಡುತ್ತೇವೆ ಎಂದದ್ದು, ಕೊಡದೆ ಹೋದದ್ದು:

ಪ್ರತಿ ಕಂತಿನ ಕೊನೆಯಲ್ಲಿ ನಮ್ಮ ಹೆಸರು ಹಾಕುತ್ತೇವೆ ಎಂದರು. ಹಾಕಲಿಲ್ಲ. ಸ್ಟುಡಿಯೋಗೆ ಚಹಾ ತರುವವನ ಹೆಸರು ಬಂತು, ನಮ್ಮದು ಬರಲಿಲ್ಲ.

ನಮ್ಮ ಧ್ವನಿಯನ್ನು ಇನ್ನೊಂದು ಕಡೆ ಬಳಸುವ ಮುಂಚೆ ಕೇಳುತ್ತೇವೆ ಎಂದರು. ಕೇಳಲಿಲ್ಲ.

ಗಂಟಲು ಕೆಟ್ಟರೆ ನಾವಿದ್ದೇವೆ ಎಂದರು. ಗಂಟಲು ಕೆಟ್ಟಿತು. ಅವರು ಇರಲಿಲ್ಲ.

ಕೊನೆಯ ಕಂತಿಗೂ ನೀವೇ ಮಾತಾಡುತ್ತೀರಿ ಎಂದರು. ಅಷ್ಟರಲ್ಲಿ ಚಾನೆಲ್ ಬಾಗಿಲು ಹಾಕಿತು. ಆ ಕಂತು ನಮ್ಮ ಭಾಷೆಗೆ ಬರಲೇ ಇಲ್ಲ.

ನಮ್ಮ ಡಬ್ಬಿಂಗ್ ಕಲಾವಿದರ ಸಂಘದ ನಡಾವಳಿ ಪುಸ್ತಕ ಬೇರೆ ಇದೆ. ಕಾರ್ಯದರ್ಶಿ ಎಂದು ನಾನೇ ಬರೆಯುತ್ತೇನೆ, ಆದರೆ ಅದರಲ್ಲಿ ಬೈಯುವ ಹಾಗಿಲ್ಲ. ಬೈಯುವುದಕ್ಕೆ ಇದು.

‘ದೂರನೌಕೆ’ ಮತ್ತೆ ಬರುತ್ತದಂತೆ. ಆಕಾಶದಲ್ಲಿ ದಾರಿ ತಪ್ಪಿದ ಹಡಗು, ಮನೆಗೆ ಮರಳಲು ಒದ್ದಾಡುವ ಜನ. ಪರದೇಶದ ಆ ಧಾರಾವಾಹಿಗೆ ನಮ್ಮ ಭಾಷೆಯ ಬಾಯಿ ಕೊಟ್ಟವರು ನಾವು. ಒಂದು ಪೀಳಿಗೆಯ ಮಕ್ಕಳು ಪಾಠ ಪುಸ್ತಕ ಮುಚ್ಚಿಟ್ಟು ನಮ್ಮ ಧ್ವನಿ ಕೇಳಿದವು. ಈಗ ಯಾವುದೋ ಹೊಸ ಕಂಪನಿ ಆ ಸ್ಟುಡಿಯೋವನ್ನೂ ಹಳೆಯ ಟೇಪುಗಳನ್ನೂ ಕೊಂಡುಕೊಂಡಿದೆ. ಹಳೆಯ ಕಂತುಗಳಿಗೆ ನಮ್ಮ ಹಳೆಯ ಧ್ವನಿ. ಕೊನೆಯ ಕಂತಿಗೆ, ಆ ಟೇಪುಗಳನ್ನು ಕೇಳಿ ಕೇಳಿ ಯಂತ್ರ ಕಲಿತುಕೊಂಡ ನಮ್ಮ ಧ್ವನಿ. ನಾವಿನ್ನೂ ಬದುಕಿದ್ದೇವೆ ಎಂಬುದೊಂದೇ ಅವರಿಗೆ ತೊಡಕು.

ಆ ಧಾರಾವಾಹಿಯಲ್ಲಿ ನಾನು ಹಡಗಿನ ಯಂತ್ರ. “ಭಾವನೆ ಬೇಡಮ್ಮಾ, ಭಾವನೆ ಬೇಡ” ಎಂದು ನಿರ್ದೇಶಕ ಗಾಜಿನ ಆಚೆಯಿಂದ ಅರಚುತ್ತಿದ್ದ. ಕಂತಿಗೊಮ್ಮೆಯಾದರೂ ಬರುವ ಸಾಲು, “ನಾಯಕರೇ, ಆದೇಶ?” ಅಷ್ಟು ಹೇಳಿ ಯಂತ್ರ ಕಾಯುತ್ತದೆ. ಅಂದು ಮನುಷ್ಯಳಾದ ನಾನು ಯಂತ್ರವಾಗಿ ಮಾತಾಡಿದೆ. ಇಂದು ಯಂತ್ರ ನನ್ನ ಗಂಡನಾಗಿ ಮಾತಾಡುತ್ತದಂತೆ!

ನಾಯಕನ ಧ್ವನಿ ಅವನದು. ಅಂದಿನಿಂದ ಎಲ್ಲರಿಗೂ ಅವನು ನಾಯಕ, ನನಗೂ. ಹೋದ ವರ್ಷ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆ ತೆಗೆದರು. ಕತ್ತಿನಲ್ಲಿ ಒಂದು ತೂತು, ಉಸಿರಾಟ ಅದರಲ್ಲೇ. ಬಾಯಿ ಆಡುತ್ತದೆ, ಸದ್ದು ಬರುವುದಿಲ್ಲ. ಕೈಯಲ್ಲೊಂದು ಮಕ್ಕಳ ಸ್ಲೇಟು.

ಕೊನೆಯ ಕಂತಿನ ತುಂಬ ನಾಯಕನೇ. ಅವನು ಒಪ್ಪಿ ಸಹಿ ಹಾಕದಿದ್ದರೆ ಕಂಪನಿಗೆ ಕಂತು ಇಲ್ಲ. ಹಾಕುವುದಿಲ್ಲ. ಬರೆದಿಟ್ಟುಕೊಳ್ಳಲಿ.

ಯಾವ ಪಾತ್ರಕ್ಕೆ ಯಾರ ಧ್ವನಿ ಎಂಬುದಕ್ಕೆ ಪುರಾವೆ ಎಲ್ಲಿದೆ ಎನ್ನುತ್ತಾರೆ. ಅದಕ್ಕೇ ಇನ್ನು ಪ್ರತಿ ಭಾನುವಾರ ಟೈರ್ ಅಂಗಡಿಯ ಮೇಲಿನ ನಮ್ಮ ಸಂಘದ ಕೋಣೆಯಲ್ಲಿ ಎಲ್ಲರೂ ಕೂತು ಮೊದಲಿನಿಂದ ನೋಡುವುದು, ಗುರುತಿಸುವುದು, ಸಾಕ್ಷಿ ಹಾಕುವುದು ಎಂದು ತೀರ್ಮಾನವಾಯಿತು. ಇಂದು ಮೊದಲ ಕಂತು. ಅವನ ಆ ಧ್ವನಿ ಟಿವಿಯಿಂದ ಬಂದಾಗ ಕೋಣೆಯಲ್ಲಿ ಯಾರೂ ಅವನ ಕಡೆ ತಿರುಗಲಿಲ್ಲ.

ಜೂನ್ 8, ಭಾನುವಾರ

ಡಬ್ಬಿಂಗ್‌ನವರು ಟಿವಿ ನೋಡುವುದನ್ನು ಹೊರಗಿನವರು ನೋಡಬೇಕು. ನಮಗೆ ಕಣ್ಣು, ಮೂಗು, ಬಟ್ಟೆಬರೆ ಬೇಕಿಲ್ಲ, ಬಾಯಿ ಸಾಕು. ಪರದೆಯವನು ತುಟಿ ತೆರೆಯುವ ಮುಂಚೆ ಕೋಣೆಯೆಲ್ಲ ಒಟ್ಟಿಗೆ ಉಸಿರೆಳೆದುಕೊಳ್ಳುತ್ತದೆ. ತೆರೆದ ಬಾಯಿ ಖಾಲಿ ಇರಬಾರದು. ನಮ್ಮ ಕಸುಬಿನ ಮೊದಲ ಪಾಠ ಅದು, ಮೈಗೆ ಹತ್ತಿಬಿಟ್ಟಿದೆ.

ಪುಟ್ಟಿಗೆ ಎಪ್ಪತ್ತು ದಾಟಿತು. ಹಡಗಿನಲ್ಲಿ ಹುಟ್ಟಿದ ಮಗುವಿನ ಧ್ವನಿ ಅವಳದು. ಮಂಡಿ ಹಿಡಿದುಕೊಂಡು, “ಅಯ್ಯಯ್ಯೋ, ಈ ಮೆಟ್ಟಿಲು ಕಟ್ಟಿದವನ ಮನೆ ಹಾಳಾಗ” ಎಂದು ಹತ್ತಿ ಬಂದು, ಕುರ್ಚಿಗೆ ಬಿದ್ದು, ಮಗು ಪರದೆಗೆ ಬಂದ ತಕ್ಷಣ, “ನಾಯಕ ಮಾಮಾ, ಮನೆ ಅಂದ್ರೆ ಹೇಗಿರುತ್ತೆ?” ಎಂದು ಆರು ವರ್ಷದ ಕೂಸಾಗುತ್ತಾಳೆ. ಆಮೇಲೆ ಕೆಮ್ಮು.

ಇಂದು ಬೆಂಕಿಯ ಕಂತು. ಎಂಜಿನ್ ಅಂತಸ್ತಿಗೆ ಬೆಂಕಿ ಬೀಳುತ್ತದೆ. ಹಡಗು ಉಳಿಯಲಿ ಎಂದು ನಾಯಕ ಆ ಅಂತಸ್ತಿನ ಬಾಗಿಲು ಮುಚ್ಚಿಸುತ್ತಾನೆ. ಕೆಲಸದವರು ಒಳಗೇ.

“ಮುಚ್ಚದೆ ಇದ್ದಿದ್ರೆ ಎಲ್ಲರೂ ಹೋಗ್ತಿದ್ರು” ಎಂದರು ಮೇಷ್ಟ್ರು. ಅಂದಿನ ಸಾಲುಗಳನ್ನೆಲ್ಲ ನಮ್ಮ ಭಾಷೆಗೆ ಬರೆದವರು ಅವರೇ. ತಾವು ಬರೆದದ್ದನ್ನು ಬಿಟ್ಟುಕೊಡುವವರಲ್ಲ.

“ಯಾವಾಗಲೂ ಕೆಳಗಿನ ಅಂತಸ್ತೇ ಯಾಕೆ ಉರಿಯುತ್ತೆ ಮೇಷ್ಟ್ರೇ? ಮೇಲೆ ಊಟದ ಹಾಲ್ ಇದೆ, ಅಲ್ಲಿಗೆ ಬೆಂಕಿ ಯಾಕೆ ಹೋಗಲ್ಲ?” ಎಂದೆ.

“ಬೆಂಕಿಗೂ ಮೇಲೆ ಹತ್ತೋಕೆ ಪಾಸ್ ಕೇಳ್ತಾರೇನೋ” ಎಂದಳು ಪುಟ್ಟಿ.

ನಾಯಕ ಸ್ಲೇಟು ತೆಗೆದುಕೊಂಡ. ‘ಆ ಬಾಗಿಲು ಮುಚ್ಚುವ ಸಾಲು ಹೇಳುವಾಗ ನಾನು’ ಎಂದು ಬರೆಯುವಷ್ಟರಲ್ಲಿ ನನಗೆ ನೆನಪಾಯಿತು. “ಹೌದು, ಮೂರು ಟೇಕ್ ತಗೊಂಡಿದ್ದ, ಡೈರೆಕ್ಟರ್ ಬೈದಿದ್ದ. ಅದನ್ನೇ ಹೇಳ್ತಿದ್ದಾನೆ” ಎಂದೆ ಎಲ್ಲರಿಗೂ. ಎಲ್ಲರೂ ನಕ್ಕರು. ಅವನು ತೋಳಿನಿಂದ ಸ್ಲೇಟು ಒರೆಸಿದ.

ಜೂನ್ 12, ಗುರುವಾರ

ಆಸ್ಪತ್ರೆ. ವೈದ್ಯರು, “ಹೇಗಿದೀರಾ? ನುಂಗೋಕೆ ಕಷ್ಟ ಆಗ್ತಿದೆಯಾ?” ಎಂದು ಅವನನ್ನು ಕೇಳಿದರು. ಅವನು ಸ್ಲೇಟಿನ ದಾರ ಬಿಡಿಸುತ್ತಿದ್ದ. ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ. ಎಲ್ಲವನ್ನೂ ನಾನೇ ಹೇಳಿದೆ: ನುಂಗುವುದು ಸರಿ, ನಿದ್ದೆ ಕಡಿಮೆ, ರಾತ್ರಿ ಕೆಮ್ಮು. ಎದೆಯ ಎಕ್ಸ್‌ರೇ ತೆಗೆಸಿ ಎಂದರು. ತೆಗೆಸಿದೆವು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನಾನು ಕರಪತ್ರದ ಕರಡು ತಿದ್ದಿದೆ. ಚೆನ್ನಾಗಿ ಬಂದಿದೆ. ‘ಗಂಟಲು ಕೊಯ್ದವರೇ ಧ್ವನಿ ಕದ್ದರು’ ಎಂಬ ತಲೆಬರಹ.

ಜೂನ್ 22, ಭಾನುವಾರ

ಕಂಪನಿಯವಳು ಸಂಘಕ್ಕೇ ಬಂದಳು. ಧೈರ್ಯ ಮೆಚ್ಚಬೇಕು. ನಮ್ಮ ಮಗಳಷ್ಟೇ ವಯಸ್ಸು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

“ಸರ್, ಚಿಕ್ಕವಳಿದ್ದಾಗ ನಿಮ್ಮ ಧ್ವನಿ ಕೇಳದೆ ನಾನು ಊಟಾನೇ ಮಾಡ್ತಿರಲಿಲ್ಲ.”

“ಈಗ ಆ ಧ್ವನೀನೇ ಊಟ ಮಾಡೋಕೆ ಬಂದ್ಯೇನಮ್ಮಾ?” ಎಂದೆ.

ಪಾಪ, ಕೆಂಪಾದಳು. ಮೊಬೈಲು ತೆಗೆದಳು. “ಒಂದು ಸಣ್ಣ ತುಣುಕಿದೆ ಸರ್. ಕೊನೆ ಕಂತಿಂದು. ಕೇಳಿಬಿಟ್ಟು ಆಮೇಲೆ ಬೇಡ ಅನ್ನಿ, ನಾನು ಹೋಗ್ತೀನಿ.”

“ಒಳಗಿಡು ಅದನ್ನ” ಎಂದೆ.

ಆಗ ನಾಯಕ ಎದ್ದ. ಕೋಣೆಯೆಲ್ಲ ಅವನ ಕಡೆ ನೋಡಿತು. ಅವನ ತುಟಿ ಆಡಿತು. ಆಡಿದ ಬಾಯಿ ಖಾಲಿ ಬಿಡುವ ಅಭ್ಯಾಸ ನನಗಿಲ್ಲ. ಎದ್ದು ನಿಂತೆ.

“ನಾಯಕ ಹೇಳ್ತಿದ್ದಾನೆ, ಕೇಳಿಸಿಕೋ. ನನ್ನ ಗಂಟಲು ತಗೊಂಡ್ರಿ, ಹೆಸರು ನುಂಗಿದ್ರಿ. ಈಗ ಸತ್ತ ಮೇಲೂ ದುಡಿ ಅಂತೀರಾ? ಹೆಣಕ್ಕೂ ಪಾಳಿ ಹಾಕ್ತೀರಾ? ನನ್ನ ಮೌನವಾದರೂ ನಂದೇ ಇರಲಿ. ಹೋಗಿ ನಿಮ್ಮ ಯಜಮಾನರಿಗೆ ಹೇಳು!”

ಚಪ್ಪಾಳೆ ಬಿತ್ತು. ಕೆಳಗಿನ ಟೈರ್ ಅಂಗಡಿಯವನೂ ಬಂದು ಬಾಗಿಲಲ್ಲಿ ನಿಂತು ತಟ್ಟಿದ. ಅವನ ತುಟಿ ಆಡಿದ್ದು ಚೂರು, ನನ್ನ ಮಾತು ಒಂದಿಷ್ಟು ಉದ್ದವಾಯಿತು, ನಿಜ. ಪುಟ್ಟಿ ಕಿವಿಯಲ್ಲಿ, “ಏ ಯಂತ್ರ, ತುಟಿಗೂ ಮಾತಿಗೂ ಸಿಂಕ್ ತಪ್ಪಿತಲ್ಲೇ” ಎಂದಳು. ತಪ್ಪಿದರೆ ತಪ್ಪಲಿ. ಇಂಥ ಮಾತು ಈ ಕೋಣೆಯಲ್ಲಿ ಎಷ್ಟೋ ಕಾಲದಿಂದ ಬಂದಿರಲಿಲ್ಲ.

ಮನೆಗೆ ಬರುವಾಗ ನಾಯಕ ನನಗಿಂತ ಮುಂದೆ ನಡೆದ. ಅಷ್ಟು ಬೇಗ ನಡೆದರೆ ಉಸಿರು ಕಟ್ಟುತ್ತದೆ ಎಂದು ಕೂಗಿದೆ. ತಿರುಗಲಿಲ್ಲ.

ಜೂನ್ 24, ಮಂಗಳವಾರ

ಸ್ಲೇಟು ಕಪಾಟಿನ ಮೇಲೆ ಬಿದ್ದಿದೆ. ಈಗೀಗ ಅದು ಬೇಕೇ ಆಗುತ್ತಿಲ್ಲ. ಅವನ ಮುಖ ನೋಡಿದರೆ ಸಾಕು, ನನಗೆಲ್ಲ ಗೊತ್ತಾಗುತ್ತದೆ. ಇಷ್ಟು ವರ್ಷದ ಸಂಸಾರ ಸುಮ್ಮನೆಯೇ?

ಬೇಕಾದಾಗ ಗಾಜಿನ ಲೋಟಕ್ಕೆ ಚಮಚದಿಂದ ತಟ್ಟುತ್ತಾನೆ. ನನಗೆ ಒಂದು, ಮಗಳಿಗೆ ಎರಡು. ಇವತ್ತು ನನಗೆ ತಟ್ಟಲಿಲ್ಲ. ನೀರು ತಾನೇ ಹೋಗಿ ಕುಡಿದ.

ಜೂನ್ 29, ಭಾನುವಾರ

ಬೇಕರಿಯ ಪಾಳಿ ಮುಗಿಸಿಕೊಂಡು ಮಗಳೂ ಬಂದಿದ್ದಳು, ತಲೆಗೂದಲಿನಲ್ಲಿ ಹಿಟ್ಟು. ಇಂದಿನ ಕಂತು ಎಲ್ಲರಿಗೂ ನೆನಪಿದ್ದದ್ದೇ. ಹಡಗಿನ ಚಾಲಕನೊಬ್ಬ ಸಾಯುತ್ತಾನೆ. ಹೆಂಡತಿ ಊಟ ಬಿಡುತ್ತಾಳೆ. ಯಂತ್ರಕ್ಕೆ ಅವನ ಧ್ವನಿ ನೆನಪಿದೆ. ಅವಳ ಕೋಣೆಯಲ್ಲಿ ಅವನಾಗಿ ಮಾತಾಡುತ್ತದೆ, ಊಟ ಮಾಡು ಅನ್ನುತ್ತದೆ. ಅವಳು ಊಟ ಮಾಡುತ್ತಾಳೆ. ಕೊನೆಗೆ ನಾಯಕ ಅದನ್ನು ನಿಲ್ಲಿಸುತ್ತಾನೆ.

ಕಂತು ಮುಗಿಯಿತು. ಯಾರಿಗೂ ಸಾಕ್ಷಿ ಪಟ್ಟಿಯ ನೆನಪಾಗಲಿಲ್ಲ.

“ನಿಲ್ಲಿಸಿದ್ದು ಸರಿ” ಎಂದೆ. “ಮೋಸ ಅದು. ಗಂಡನ ಹೆಸರಲ್ಲಿ ಹಡಗಿನವರು ಅವಳನ್ನ ಕೆಲಸಕ್ಕೆ ಎಬ್ಬಿಸಿದ್ದು.”

“ಅವಳಿಗೆ ಗೊತ್ತಿತ್ತಮ್ಮಾ, ಅದು ಯಂತ್ರ ಅಂತ” ಎಂದಳು ಮಗಳು. “ಗೊತ್ತಿದ್ದೂ ಕೇಳಿಸಿಕೊಂಡ್ಲು. ತಪ್ಪೇನು?”

ಮೇಷ್ಟ್ರು ಗಡ್ಡ ಕೆರೆದುಕೊಂಡರು. “ಮೂಲದಲ್ಲಿ ಅವಳು ನಿಲ್ಲಿಸಬೇಡಿ ಅಂತ ಅಂಗಲಾಚ್ತಾಳೆ. ನಾನೇ ಆ ಸಾಲನ್ನ ಮೆತ್ತಗೆ ಮಾಡಿದ್ದೆ. ಮಕ್ಕಳು ನೋಡ್ತಾರೆ ಅಂತ.”

“ನೋಡಿದ್ಯಾ?” ಎಂದಳು ಮಗಳು ನನಗೆ. “ಅವಳನ್ನ ಯಾರೂ ಕೇಳಲಿಲ್ಲ. ನಾಯಕ ಕೇಳಲಿಲ್ಲ, ಯಂತ್ರ ಕೇಳಲಿಲ್ಲ, ನೀವೂ ಕೇಳಲಿಲ್ಲ ಮೇಷ್ಟ್ರೇ.”

ಮೆಟ್ಟಿಲಿಳಿಯುವಾಗ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. “ಕಂಪನಿಯವರ ವಿಷಯ. ಅಪ್ಪನ್ನ ಕೇಳಿದ್ಯಾ?”

“ಕೇಳೋದೇನಿದೆ? ನಿಮ್ಮಪ್ಪ ಏನು ಅಂತ ನನಗೆ ಗೊತ್ತಿಲ್ವಾ?”

“ಕೇಳಿದ್ಯಾ ಅಂದೆ.”

ಬೇಕರಿಯಲ್ಲಿ ಸಂಘ ಕಟ್ಟು ಎಂದರೆ ಪುರುಸೊತ್ತಿಲ್ಲ, ನನಗೆ ಪಾಠ ಹೇಳಲು ಬರುತ್ತಾಳೆ.

ಜುಲೈ 4, ಶುಕ್ರವಾರ

ಶ್ವಾಸಕೋಶಕ್ಕೆ ಹಬ್ಬಿದೆ.

ವೈದ್ಯರು ಈ ಸಲ ಅವನಿಗೆ ಹೇಳಲಿಲ್ಲ. ನನಗೆ ಹೇಳಿದರು. ಅವನು ಪಕ್ಕದಲ್ಲೇ ಕೂತಿದ್ದ. ಕಿವಿ ಕೇಳದವನ ಎದುರು ಮಾತಾಡಿದ ಹಾಗೆ. ಧ್ವನಿ ಹೋದರೆ ಕಿವಿಯೂ ಹೋಗುತ್ತದೆ ಎಂದುಕೊಂಡಿದ್ದಾರೆಯೇ? ಬೈದು ಬರಬೇಕಿತ್ತು. ಯಾಕೋ ಬೈಯಲಿಲ್ಲ.

ಜುಲೈ 10, ಗುರುವಾರ

ಮಗಳು ಕಪಾಟಿನ ಮೇಲಿಂದ ಸ್ಲೇಟು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಅವನ ಕೈಗೆ ಕೊಟ್ಟಳು. “ಅಪ್ಪಾ, ಕಂಪನಿಯವಳು ಬಂದ ದಿನ ನೀನು ಎದ್ದು ನಿಂತು ಏನಂದೆ?” ಎಂದು ನನ್ನ ಎದುರಿಗೇ ಕೇಳಿದಳು.

ಅವನು ನನ್ನನ್ನು ನೋಡಿದ. ಬರೆದ.

‘ಒಂದ್ಸಲ ಕೇಳಿಸಮ್ಮಾ ಅಂದೆ.’

ಅಷ್ಟೇ.

ಒಲೆಯ ಮೇಲೆ ಇಟ್ಟದ್ದು ನೆನಪಾಗಿ ಒಳಗೆ ಹೋದೆ. ಒಲೆ ಹಚ್ಚಿರಲಿಲ್ಲ.

ಸಭೆಯಲ್ಲಿ ಅಂದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕಂಪನಿ ಕಳ್ಳ ಕಂಪನಿಯೇ. ಯಾರು ಹೇಳಿದರೇನು, ಮಾತು ಸರಿಯಾದ ಮಾತು. ಹೀಗೆಂದು ಇಲ್ಲಿ ಬರೆದು, ಓದಿ ನೋಡಿದೆ. ಸರಿಯಾಗಿಯೇ ಇದೆ. ಆದರೂ ಊಟ ಸೇರಲಿಲ್ಲ.

ಜುಲೈ 13, ಭಾನುವಾರ

ಸಂಘಕ್ಕೆ ಹೋಗಲಿಲ್ಲ. ಕಂಪನಿಯವಳಿಗೆ ನಾನೇ ಫೋನು ಮಾಡಿದ್ದೆ. ಮನೆಗೆ ಬಂದಳು. ಚಪ್ಪಲಿ ಬಿಟ್ಟು, ಅವನ ಹಾಸಿಗೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತು ಮೊಬೈಲು ಒತ್ತಿದಳು.

“ಮನೆ ಕಾಣಿಸುತ್ತಿದೆ. ಎಲ್ಲರೂ ಇಳಿಯಿರಿ. ನಾನು ಆಮೇಲೆ ಬರುತ್ತೇನೆ.”

ಅವನೇ. ಆ ‘ಮನೆ’ ಅನ್ನುವಾಗ ಎದೆಯಿಂದ ಬರುವ ಸಣ್ಣ ಗುಡುಗು. ಮೈಕಿನ ಮುಂದೆ ಒಂದು ಕೈ ಜೇಬಿನಲ್ಲಿಟ್ಟು ನಿಲ್ಲುತ್ತಿದ್ದವನು, ನಾನು ನೋಡಿ ಮರುಳಾದವನು. ಮಗಳು ಬಾಯಿಗೆ ಬಟ್ಟೆ ಒತ್ತಿಕೊಂಡಳು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತು. ಯಾರೂ ಏಳಲಿಲ್ಲ.

ಕಂಪನಿಯವಳು ಮಗಳಿಗೆ ಮೆಲ್ಲಗೆ, “ಸರ್ ಧ್ವನೀಲಿ ನಿಮ್ಮ ಹೆಸರು ಹಿಡಿದು ಕರೆಯೋ ಹಾಗೂ ಮಾಡಿಕೊಡಬಹುದು. ಕಂಪನಿಗಲ್ಲ, ನಿಮಗೆ ಅಂತಾನೇ” ಎಂದಳು. ಲಂಚವಲ್ಲ ಅದು. ಕರುಣೆಯಿಂದಲೇ ಹೇಳಿದಳು. ಅದಕ್ಕೇ ಹೆಚ್ಚು ಉರಿಯಿತು. ನನ್ನ ನಾಲಿಗೆಯ ತುದಿಗೆ ಒಂದು ಸಾಲು ಬಂದು ನಿಂತಿತ್ತು. ಮಗಳ ಮುಖ ನೋಡಿದೆ. ಅವಳು ಅಪ್ಪನನ್ನು ನೋಡುತ್ತಿದ್ದಳು. ನಾನೂ ಅವನ ಕಡೆ ತಿರುಗಿದೆ.

ಬರೆಯಲು ಅವನಿಗೆ ಈಗ ಹೊತ್ತು ಹಿಡಿಯುತ್ತದೆ.

‘ಚೆನ್ನಾಗಿದೆ. ನನಗಿಂತ ಚೆನ್ನಾಗಿದೆ.’

ಒರೆಸಿದ. ಮತ್ತೆ ಬರೆದ.

‘ಬೆಂಕಿಯ ಕಂತಿನಲ್ಲಿ ಬಾಗಿಲು ಮುಚ್ಚುವ ಸಾಲು. ಮೂರು ಟೇಕಿನಲ್ಲೂ ಅತ್ತುಬಿಟ್ಟೆ. ನಾಯಕ ಅಳಬಾರದು ಎಂದು ಅತ್ತದ್ದನ್ನು ಕತ್ತರಿಸಿದರು.’

ಒರೆಸಿದ.

‘ಯಂತ್ರ ಕಲಿತದ್ದು ಅವರು ಉಳಿಸಿಕೊಂಡದ್ದರಿಂದ. ನಾನಿದ್ದದ್ದು ಕತ್ತರಿಸಿದ್ದರಲ್ಲಿ.’

ಒರೆಸಿದ.

‘ಬೇಡಮ್ಮಾ. ಈ ಹುಡುಗ ಚೆನ್ನಾಗಿ ಮಾತಾಡುತ್ತಾನೆ. ಆದರೆ ನನ್ನ ಮಗಳನ್ನು ಅವನು ಎತ್ತಿ ಆಡಿಸಿಲ್ಲ.’

ಕಂಪನಿಯವಳು ತಲೆ ತಗ್ಗಿಸಿದಳು. ಹೋಗುವಾಗ ಬಾಗಿಲಲ್ಲಿ ನನಗೆ, “ಮೇಡಂ, ನಮ್ಮವರು ಬಿಡಲ್ಲ. ಸರ್ ಒಪ್ಪದಿದ್ದರೆ... ಆಮೇಲೆ ಕುಟುಂಬದವರ ಸಹಿ ಆದರೂ ಆಗುತ್ತೆ ಅಂತಾರೆ” ಎಂದಳು. ಆಮೇಲೆ ಎಂದರೆ ಯಾವಾಗ ಎಂದು ಇಬ್ಬರೂ ಬಿಡಿಸಿ ಹೇಳಲಿಲ್ಲ.

ಒಳಗೆ ಚಮಚ ಲೋಟಕ್ಕೆ ಬಡಿಯಿತು. ಎರಡು ಸಲ. ಮಗಳು ಓಡಿದಳು.

ಅಂದರೆ ಬೆಂಕಿಯ ಕಂತಿನ ದಿನ ಅವನು ಬರೆಯಹೊರಟಿದ್ದದ್ದು ಇದು. ನಾನು ಟೇಕಿನ ಲೆಕ್ಕ ಹೇಳಿ ನಗಿಸಿದ್ದೆ.

ಜುಲೈ 20, ಭಾನುವಾರ

ಸಂಘದವರೆಲ್ಲ ನಮ್ಮ ಮನೆಗೇ ಬಂದರು. ಪುಟ್ಟಿಗೆ ಮೆಟ್ಟಿಲು ತಪ್ಪಿದ ಸಂತೋಷ. “ಮೊದಲೇ ಇಲ್ಲಿ ಮಾಡಬಾರದಿತ್ತಾ? ನಾಯಕನಿಗೆ ಕಾಯಿಲೆ ಬರಬೇಕಾಯ್ತು, ನನ್ನ ಮಂಡಿ ಉಳಿಯೋಕೆ” ಎಂದಳು. ನಾಯಕ ಸದ್ದಿಲ್ಲದೆ ನಕ್ಕ. ಎಷ್ಟೋ ದಿನದ ಮೇಲೆ.

ಮೂಲ ಭಾಷೆಯ ಕೊನೆಯ ಕಂತು ಮೇಷ್ಟ್ರ ಕೈಗೆ ಸಿಕ್ಕಿದೆ. ಸಾಲು ಬರೆಯುತ್ತಾರಂತೆ. ಕಂಪನಿ ಬಿಡುಗಡೆ ಮಾಡುವ ಮುಂಚೆ, ಸ್ಟುಡಿಯೋ ಗೇಟಿನ ಎದುರು ಬೀದಿಯಲ್ಲಿ ಟಿವಿ ಇಟ್ಟು, ಸದ್ದು ತೆಗೆದು, ಜನರ ಮುಂದೆಯೇ ನಾವೆಲ್ಲ ನಿಂತು ಮಾತಾಡುವುದು. ಪ್ರತಿಯೊಬ್ಬರೂ ಮೊದಲು ತಮ್ಮ ಹೆಸರು ಹೇಳಿ ಆಮೇಲೆ ಸಾಲು ಹೇಳುವುದು.

“ನಾಯಕನ ಸಾಲು ಯಾರು?” ಎಂದರು ಮೇಷ್ಟ್ರು. “ನೀವೇ ಹೇಳಿಬಿಡಿ ಕಾರ್ಯದರ್ಶಿಗಳೇ. ಹೆಂಗಸಿನ ಧ್ವನಿ ಆದರೇನು?”

ಹೂಂ ಎನ್ನಲು ಉಸಿರು ಎಳೆದುಕೊಂಡಿದ್ದೆ. ಬಿಟ್ಟೆ. “ಅವನನ್ನೇ ಕೇಳಿ” ಎಂದೆ.

ಸ್ಲೇಟು ಹತ್ತಿರವಿರಲಿಲ್ಲ. ಅವನು ತುಟಿಯಲ್ಲೇ ಹೇಳಿದ. ಒಂದೊಂದೇ ಮಾತು. ಹೇಳಿ ಮುಗಿಯುವವರೆಗೂ ನೋಡಿದೆ. ಅರ್ಥವಾಗದ್ದನ್ನು ಇನ್ನೊಮ್ಮೆ ಹೇಳು ಎಂದೆ. ಹೇಳಿದ. ಆಮೇಲೆ, ಹೀಗೇ ತಾನೇ ಎಂದು ಅವನಿಗೆ ಒಪ್ಪಿಸಿ, ಅವನು ತಲೆ ಆಡಿಸಿದ ಮೇಲೆ ಜನಕ್ಕೆ ಹೇಳಿದೆ:

“ನನ್ನ ಸಾಲು ಯಾರೂ ಹೇಳಬೇಡಿ ಅಂತಿದ್ದಾನೆ. ಬಾಯಿ ಆಡ್ತಿರಲಿ. ಜನ ನೋಡಲಿ.”

ಮೇಷ್ಟ್ರು ಹಾಳೆಗಳನ್ನು ಮಡಚಿದರು. “ಹಾಗಾದರೆ ನನ್ನ ಅರ್ಧ ಕೆಲಸ ಉಳಿಯಿತು” ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು.

ಜುಲೈ 27, ಭಾನುವಾರ

ತಾಲೀಮು. ನನ್ನಿಂದಾಗಲಿಲ್ಲ.

ಕೊನೆಯ ದೃಶ್ಯ. ಹಡಗು ಮನೆ ತಲುಪಿದೆ. ಎಲ್ಲರೂ ಇಳಿಯುತ್ತಾರೆ. ಮುದಿ ನಾಯಕನಿಗೆ ಕುರ್ಚಿಯಿಂದ ಏಳುವ ಶಕ್ತಿಯಿಲ್ಲ. ಅವನೂ ಯಂತ್ರವೂ ಇಬ್ಬರೇ. ನಾನು “ನಾಯಕರೇ, ಆದೇಶ?” ಎನ್ನಬೇಕು. ಅವನು ಪರದೆಯ ಮೇಲೆ ತುಂಬ ಹೊತ್ತು ಏನೋ ಹೇಳುತ್ತಾನೆ. ನಾನು ಸುಮ್ಮನಿರಬೇಕು. ಮತ್ತೆ “ನಾಯಕರೇ, ಆದೇಶ?” ಎನ್ನಬೇಕು. ಮುಗಿಯಿತು.

ಅವನ ತುಟಿ ತೆರೆದ ಕೂಡಲೇ ನನ್ನ ಬಾಯಿ ತಾನಾಗಿ ತೆರೆಯುತ್ತದೆ. ಮೇಷ್ಟ್ರು ಬರೆಯದೇ ಬಿಟ್ಟ ಸಾಲು ನನ್ನ ಬಾಯಲ್ಲಿ ಎಲ್ಲಿಂದಲೋ ಬರುತ್ತದೆ. ಪುಟ್ಟಿ ತೊಡೆಗೆ ಚಿವುಟಿದಳು. “ಬಾಯಿ ಮುಚ್ಚೇ ಯಂತ್ರ!” ಮತ್ತೆ ಹಾಕಿದರು. ಮತ್ತೆ ತೆರೆಯಿತು. ಗೇಟಿನ ಮುಂದೆ ಗಂಟಲು ಹರಿಯುವ ಹಾಗೆ ಘೋಷಣೆ ಕೂಗಿದ್ದೇನೆ, ಲಾಠಿಗೆ ಬೆನ್ನು ಕೊಟ್ಟಿದ್ದೇನೆ. ಸುಮ್ಮನಿರುವುದು ಇಷ್ಟು ಕಷ್ಟ ಎಂದು ಯಾರೂ ಹೇಳಿರಲಿಲ್ಲ.

ನಾಯಕ ಹಾಸಿಗೆಯಿಂದ ನೋಡುತ್ತಿದ್ದ. ಸಿಟ್ಟಿರಲಿಲ್ಲ.

ಆಗಸ್ಟ್ 3, ಭಾನುವಾರ

ಅವನ ಎದುರಿಗೆ ತಾಲೀಮು, ದಿಂಬು ಎತ್ತರಿಸಿ ಕೂರಿಸಿದ್ದೆವು. ಆಮ್ಲಜನಕದ ಸಿಲಿಂಡರ್ ಸುಯ್ಯೆನ್ನುತ್ತದೆ. “ಹಡಗಿನ ಎಂಜಿನ್ ಸದ್ದು ಬಿಟ್ಟಿ ಸಿಕ್ತು” ಎಂದಳು ಪುಟ್ಟಿ. ಅವನಿಗೆ ಅದು ಹಿಡಿಸಿತು.

ಕೊನೆಯ ದೃಶ್ಯದಲ್ಲಿ ಪರದೆ ನೋಡುವುದು ಬಿಟ್ಟೆ. ಅವನನ್ನು ನೋಡಿದೆ. ಬಾಯಿಯನ್ನಲ್ಲ, ಕಣ್ಣನ್ನು. ಇಷ್ಟು ವರ್ಷವಾಯಿತು, ಅವನ ಎಡಗಣ್ಣಿನಲ್ಲಿ ಕಂದು ಚುಕ್ಕೆಯೊಂದಿದೆ ಎಂದು ಇವತ್ತು ಕಂಡೆ.

“ನಾಯಕರೇ, ಆದೇಶ?” ಎಂದೆ. ಕಾದೆ. ಬಾಯಿ ತೆರೆಯಲಿಲ್ಲ. ಮತ್ತೆ, “ನಾಯಕರೇ, ಆದೇಶ?”

ಭಾವನೆ ಬೇಡಮ್ಮಾ ಎಂದು ಅರಚಲು ನಿರ್ದೇಶಕ ಅಲ್ಲಿರಲಿಲ್ಲ.

ಅವನು ಲೋಟಕ್ಕೆ ತಟ್ಟಿದ. ಒಂದು.

ಆಗಸ್ಟ್ 9, ಶನಿವಾರ

ಬರೆಯುವ ಶಕ್ತಿ ಅವನಿಗಿಲ್ಲ. ತುಟಿಯೂ ಸರಿಯಾಗಿ ಆಡುವುದಿಲ್ಲ. ಬೇಕಾದ್ದನ್ನು ಒಂದೊಂದಾಗಿ ಕೇಳುತ್ತೇನೆ. ನೀರು? ಕಿಟಕಿ? ಮಗಳು? ಕಣ್ಣು ಮುಚ್ಚಿದರೆ ಹೌದು. ಮಧ್ಯಾಹ್ನವೆಲ್ಲ ಕೇಳಿದೆ. ಯಾವುದಕ್ಕೂ ಮುಚ್ಚಲಿಲ್ಲ. ಕೊನೆಗೆ ಕೇಳುವುದು ನಿಲ್ಲಿಸಿ ಪಕ್ಕದಲ್ಲಿ ಕೂತೆ. ಕಣ್ಣು ಮುಚ್ಚಿದ.

ಆಗಸ್ಟ್ 13, ಬುಧವಾರ

ಬೆಳಗ್ಗೆ ಹೋದ.

ಮಗಳು ಕೈ ಹಿಡಿದಿದ್ದಳು. ನಾನು ಪಾದ. ಕೊನೆಗೆ ತುಟಿ ಒಮ್ಮೆ ಆಡಿತು.

ಏನೆಂದ ಎಂದು ಎಲ್ಲರೂ ಕೇಳುತ್ತಾರೆ. ಗೊತ್ತಿಲ್ಲ.

ಆಗಸ್ಟ್ 19, ಮಂಗಳವಾರ

ಸಿಲಿಂಡರ್ ವಾಪಸ್ ತೆಗೆದುಕೊಂಡು ಹೋದರು. ಮನೆಯಲ್ಲಿ ಸುಯ್ ಎಂಬ ಸದ್ದಿಲ್ಲ. ಗಡಿಯಾರ ಇಷ್ಟು ಜೋರಾಗಿ ಬಡಿಯುತ್ತದೆ ಎಂದು ಗೊತ್ತಿರಲಿಲ್ಲ.

ಸಂಜೆ ಕಂಪನಿಯವಳು ಬಂದಳು. ಕಾಗದ ತಂದಿದ್ದಳು. ಕುಟುಂಬದವರ ಸಹಿಗೆ. ಕೊಡಲು ಕೈ ಬರಲಿಲ್ಲವೇನೋ, ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಸಾಲುಗಳು ನನ್ನಲ್ಲಿ ಬೇಕಾದಷ್ಟಿದ್ದವು. ಆದರೆ ಅವನು ಮಗಳಿಗೆ ಅಪ್ಪನೂ ಹೌದು. ಮಗಳ ಕಡೆ ತಿರುಗಿ ಕೂತೆ.

ಅವಳು ಕಂಪನಿಯವಳ ತೊಡೆಯ ಮೇಲಿನ ಕಾಗದ ನೋಡಿದಳು. “ಆಸೆ ಇದೆ” ಎಂದಳು. “ಸುಳ್ಳು ಹೇಳಲ್ಲ. ಅಪ್ಪ ಕರೆದ ಹಾಗೆ ಆಗುತ್ತೆ ಅಂತ ಆಸೆ ಇದೆ.” ಎದ್ದು ಹೋಗಿ ಅವನ ಲೋಟ, ಚಮಚ ತಂದಳು. ಮೇಜಿನ ಮೇಲಿಟ್ಟು ತಟ್ಟಿದಳು. ಎರಡು. “ನನ್ನ ಹೆಸರು ಇದು. ಕೊನೆಗೆ ಅಪ್ಪ ನನ್ನ ಕರೆದದ್ದು ಹೀಗೆ. ಆ ಕಾಗದ ತಗೊಂಡು ಹೋಗಿ.”

ಕಂಪನಿಯವಳು ಕಾಗದವನ್ನು ಚೀಲಕ್ಕೆ ತುರುಕಿದಳು. ಬಾಗಿಲವರೆಗೆ ಹೋಗಿ ನಿಂತಳು. “ಗೇಟಿನ ಹತ್ತಿರ ನೀವು ಮಾಡೋದನ್ನ ಸುಮ್ಮನೆ ನೋಡೋಕೆ ನಾನೂ ಬರಬಹುದಾ ಮೇಡಂ?” ಎಂದಳು. ಯಾರ ಕಡೆಯಿಂದ ಬರುತ್ತೀಯಾ ಎಂದು ಹಿಂದಿನ ತಿಂಗಳಾಗಿದ್ದರೆ ಕೇಳುತ್ತಿದ್ದೆ. ಬಾ ಎಂದೆ.

ಮೇಷ್ಟ್ರು ಕರಪತ್ರಕ್ಕೆ ಒಂದು ಒಳ್ಳೆಯ ಘೋಷಣೆ ಬರೆದುಕೊಡಿ ಎಂದಿದ್ದರು. ಕೂತೆ. ಹಳೆಯ ತಲೆಬರಹ ಹೊಡೆದುಹಾಕಿದೆ. ಬೇರೇನೂ ಬರಲಿಲ್ಲ. ಇಷ್ಟೇ ಬರೆದು ಅಚ್ಚಿಗೆ ಕಳಿಸಿದೆ:

‘ದೂರನೌಕೆ’, ಕೊನೆಯ ಕಂತು. ಮಾತಾಡುವವರು ತಮ್ಮ ಹೆಸರು ಹೇಳಿ ಮಾತಾಡುತ್ತಾರೆ. ನಾಯಕನ ಸಾಲು ಯಾರೂ ಹೇಳುವುದಿಲ್ಲ. ಆಗ ಯಾರೂ ಚಪ್ಪಾಳೆ ತಟ್ಟಬೇಡಿ, ಘೋಷಣೆ ಕೂಗಬೇಡಿ, ಕಾಯಿರಿ.

ಟೈರ್ ಅಂಗಡಿಯವನ ಗಾಡಿಯಲ್ಲಿ ಟಿವಿ ಬರುತ್ತದೆ. ಸ್ಟುಡಿಯೋ ಗೇಟಿನ ಎದುರು. ಭಾನುವಾರ, ಆಗಸ್ಟ್ 24, ಸಂಜೆ ನಾಲ್ಕು ಗಂಟೆಗೆ.